ಗಸಗಸೆ ಹೂವಿನ ಗೋಡೆ

ನನ್ನ ಕಸುಬಿನವರಿಗೆ ಒಳ್ಳೆಯ ಸುದ್ದಿ ಹೇಳಲು ಯಾರೂ ಫೋನ್ ಮಾಡುವುದಿಲ್ಲ. ಮೂವತ್ತೊಂದು ವರ್ಷದಿಂದ ಬಿಷ್ಕೆಕ್‌ನ ಈ ಹಳೇ ಐದಂತಸ್ತಿನ ಕಟ್ಟಡಗಳಲ್ಲಿ ಕೊಳಾಯಿ ರಿಪೇರಿ ಮಾಡಿಕೊಂಡು ಬಂದಿದ್ದೇನೆ; ಜನ ಉಸ್ತಾ, ಅಂದರೆ ಮೇಸ್ತ್ರಿ, ಎಂದು ಕರೆಯುತ್ತಾರೆ. "ಉಸ್ತಾ, ನಲ್ಲಿ ಚೆನ್ನಾಗಿ ಬರ್ತಿದೆ, ಸುಮ್ನೆ ಹೇಳೋಣ ಅಂತ ಮಾಡ್ದೆ" ಎಂದು ಒಬ್ಬ ಮಹರಾಯನೂ ಇದುವರೆಗೆ ಹೇಳಿಲ್ಲ. ಹಾಗಾಗಿ ಜನವರಿಯ ಆ ಬೆಳಿಗ್ಗೆ, ಹೊರಗೆ ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಗಟ್ಟಿಯಾಗುವ ಚಳಿಯಲ್ಲಿ ಫೋನ್ ಬಡಿದುಕೊಂಡಾಗ, ನಾನು ಹಲೋ ಅನ್ನಲಿಲ್ಲ. "ಎಲ್ಲಿ ಸೋರ್ತಿದೆ?" ಅಂದೆ.

"ನನ್ನ ತಲೆ ಮೇಲೆ!" ಎಂದಿತು ಹೆಂಗಸಿನ ದನಿ. "ತೆಮಿರ್ಕುಲ್, ನಾನಪ್ಪಾ, ಸಾಯ್ರಾ. ಹದಿನಾಲ್ಕನೇ ಕಟ್ಟಡ, ಮೂರನೇ ಮಹಡಿ. ಛಾವಣಿಯಿಂದ ತೊಟತೊಟ ಅಂತಿದೆ. ನಾಳೆ ಬೀಗರು ಬರ್ತಾರೆ ಮಗಳ ಕಿವಿಗೆ ಓಲೆ ಹಾಕಿ ನಿಶ್ಚಯ ಮಾಡೋಕೆ. ಮಳೇಲಿ ಕೂರಿಸ್ಲಾ ಅವರನ್ನ?"

ಹದಿನಾಲ್ಕನೇ ಕಟ್ಟಡ. ಆರು ವರ್ಷವಾಗಿತ್ತು ಆ ಕಟ್ಟಡದ ಮೆಟ್ಟಿಲು ಹತ್ತಿ.

"ಸಾಯ್ರಾ ಎಜೆ, ಅಲ್ಲಿಗೆ ಬೇರೆಯವನು ಬರ್ತಾನಲ್ಲ ಈಗ?"

"ಬರ್ತಾನೆ. ಅವನಿಗೆ ಸೋಮವಾರ ಅಂದ್ರೆ ತಲೆನೋವು, ಮಂಗಳವಾರ ಸೊಂಟನೋವು. ಫೋನೇ ಎತ್ತಲ್ಲ. ನೀನು ಬಾ ತಮ್ಮ. ನಿನ್ನ ಬಗ್ಗೆ ಜನ ಏನಾದ್ರೂ ಅಂದ್ಕೊಳ್ಳಲಿ, ನನಗೆ ಅದೆಲ್ಲ ಬೇಡ."

ಇದು ಹೊಗಳಿಕೆಯೋ ಬೈಗುಳವೋ ಎಂದು ಯೋಚಿಸುತ್ತಲೇ ಚೀಲ ಹೆಗಲಿಗೇರಿಸಿದೆ. ಮಂಡಿ ನೋಯುತ್ತಿತ್ತು. ಈಚೆಗೆ ಮಂಡಿ ನೋಯದ ದಿನ ಯಾವುದು ಎಂದರೆ ನೆನಪಿಗೆ ಬರುವುದಿಲ್ಲ.

ಮೊದಲು ನೆಲಮಾಳಿಗೆಗೆ ಇಳಿದೆ. ಈ ಕಟ್ಟಡಗಳಲ್ಲಿ ನೆಲಮಾಳಿಗೆಯಿಂದ ಐದನೇ ಮಹಡಿಯವರೆಗೆ ಒಂದೇ ನೀರಿನ ಕೊಳವೆ. ಒಂದು ಮನೆಯಲ್ಲಿ ಕೆಟ್ಟರೆ ಐದು ಮನೆಗೂ ನೀರು ನಿಲ್ಲಿಸಬೇಕು. ಬೆಚ್ಚಗಿನ ಪೈಪಿನ ಮೇಲೆ ಮಲಗಿದ್ದ ಬೆಕ್ಕುಗಳನ್ನು ಎಬ್ಬಿಸಿ, ತುಕ್ಕು ಹಿಡಿದ ವಾಲ್ವಿನ ಗಾಲಿಯನ್ನು ಎರಡೂ ಕೈಯಲ್ಲಿ ತಿರುಗಿಸಿ, ಬಾಯಿಗೆ ಬಂದದ್ದನ್ನು ಅದಕ್ಕೆ ಹೇಳಿ ಅಂತೂ ಮುಚ್ಚಿದೆ. ಮೆಟ್ಟಿಲು ಹತ್ತುವಷ್ಟರಲ್ಲಿ ಒಂದೊಂದು ಬಾಗಿಲೂ ತೆರೆದುಕೊಂಡಿತು. ಒಬ್ಬಳ ತಲೆತುಂಬ ಸೋಪಿನ ನೊರೆ. ನೀರು ಬರುವಾಗ ನಾನು ಬದುಕಿದ್ದೇನೋ ಸತ್ತಿದ್ದೇನೋ ಯಾರಿಗೂ ಬೇಕಿಲ್ಲ. ನಿಂತ ಕೂಡಲೇ ನನ್ನ ಅಪ್ಪನ ಹೆಸರೂ ನೆನಪಾಗುತ್ತದೆ.

ಸಾಯ್ರಾ ಎಜೆ ಬಾಗಿಲಲ್ಲೇ ಕಾಯುತ್ತಿದ್ದರು. ನನಗಿಂತ ಐದು ವರ್ಷ ದೊಡ್ಡವರು, ಅದಕ್ಕೇ ಎಜೆ, ಅಂದರೆ ಅಕ್ಕ, ಎನ್ನುತ್ತೇನೆ; ಬಾಯಿ ಮಾತ್ರ ಇನ್ನೂ ಹದಿನೆಂಟರದು. ನಡುಮನೆಯ ಉದ್ದನೆಯ ಮೇಜಿನ ಮೇಲೆ ನಾಳೆಯ ಬೀಗರಿಗೆಂದು ಆಗಲೇ ಕರಿದ ಬೊರ್ಸೋಕ್ ಹಿಟ್ಟಿನುಂಡೆಗಳ ರಾಶಿ. ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ, ಹೊದಿಕೆಯ ಮೇಲೆ ಬಕೆಟ್ಟು, ಬಕೆಟ್ಟಿನೊಳಗೆ ತೊಟ್ಟು. ನನ್ನ ಕೈಗೆ ಬಟ್ಟಲು ಅಂಚಿನವರೆಗೆ ತುಂಬಿಸಿ ಚಹಾ ಕೊಟ್ಟರು. ನಮ್ಮಲ್ಲಿ ಬಟ್ಟಲಿಗೆ ಅರ್ಧವೇ ಸುರಿದರೆ ಕೂತಿರು, ಇನ್ನೂ ಹಾಕುತ್ತೇನೆ ಎಂದರ್ಥ. ತುಂಬಿಸಿ ಕೊಟ್ಟರೆ ಕುಡಿದು ಎದ್ದು ಹೋಗು ಎಂದು.

"ಅರ್ಥ ಆಯ್ತು ಎಜೆ. ಮೇಲ್ಗಡೆ ಮನೆ ಯಾರದು?" ಎಂದೆ, ಗೊತ್ತಿದ್ದೂ.

"ಯಾರದು ಅಂತ ನನ್ನ ಕೇಳ್ತೀಯಾ? ಅಶಿರ್ಬಾಯ್‌ದು. ಮೂರು ಸಲ ಬಾಗಿಲು ಬಡಿದೆ. ನಮ್ಮನೇಲಿ ಏನೂ ಸೋರ್ತಿಲ್ಲ ಅಂತ ಒಳಗಿಂದಾನೇ ಕೂಗ್ದ. ಆ ಹೂವಿನ ಗೋಡೆ ಕಾಯ್ಕೊಂಡು ಕೂತಿದಾನೆ, ನಿಧಿ ಕಾಯೋ ಹಾವಿನ ಹಾಗೆ."

ಆ ಹೂವಿನ ಗೋಡೆ ಕಟ್ಟಿದವನು ನಾನು.

ಆರು ವರ್ಷದ ಹಿಂದೆ ಅಶಿರ್ಬಾಯ್ ಇನ್ನೂ ಟ್ರಾಲಿಬಸ್ ಓಡಿಸುತ್ತಿದ್ದರು. ಅವರ ಹೆಂಡತಿ ಜುಮಗುಲ್ ಎಜೆ ಎರಡು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಬಚ್ಚಲಿಗೆ ಟೈಲ್ಸ್ ತಂದಿದ್ದರು. ಅದರಲ್ಲಿ ಹನ್ನೆರಡು ಟೈಲು ಜೋಡಿಸಿದರೆ ಒಂದು ಚಿತ್ರ: ಬೆಟ್ಟದ ಇಳಿಜಾರು, ತುಂಬ ಕೆಂಪು ಗಸಗಸೆ ಹೂ. ಅವರ ತವರಿನ ಬೆಟ್ಟ ಮೇ ತಿಂಗಳಲ್ಲಿ ಥೇಟ್ ಹೀಗೇ ಇರುತ್ತದಂತೆ. ಹಳೇ ಕಬ್ಬಿಣದ ಕೊಳವೆಯ ಒಂದು ತುಂಡು ಕೊಯ್ದು ಹೊಸ ಪ್ಲಾಸ್ಟಿಕ್ ಪೈಪು ಹಾಕಿದ್ದೆ. ಕಬ್ಬಿಣವೂ ಪ್ಲಾಸ್ಟಿಕ್ಕೂ ಸೇರುವ ಕಡೆ ಒಂದು ಜೋಡಣೆ ಬರುತ್ತದೆ. ಅಂಥ ಜೋಡಣೆಯನ್ನು ಗೋಡೆಯೊಳಗೆ ಹೂಳಬಾರದು. ಇವತ್ತಲ್ಲ ನಾಳೆ ಅದು ಸೋರಿಯೇ ಸೋರುತ್ತದೆ. "ಉಸ್ತಾ, ಜೋಡಣೆ ಎದುರಿಗೆ ಒಂದು ಸಣ್ಣ ಬಾಗಿಲು ಬಿಡು" ಎಂದು ಹೇಳಿಯೇ ಅಶಿರ್ಬಾಯ್ ಬೆಳಗಿನ ಪಾಳಿಗೆ ಹೋಗಿದ್ದರು. ನಾನು ಅಂಗೈಯಗಲದ ಬಿಳಿ ಪ್ಲಾಸ್ಟಿಕ್ ಬಾಗಿಲು ತಂದು ಹೂವುಗಳ ನಡುವೆ ಹಿಡಿದು ತೋರಿಸಿದೆ.

"ಇದೇನಿದು?" ಎಂದರು ಜುಮಗುಲ್ ಎಜೆ. "ನನ್ನ ಬೆಟ್ಟದ ಮಧ್ಯೆ ಟಿಕೆಟ್ ಕೊಡೋ ಕಿಟಕಿ?"

"ಬಿಡ್ಲೇಬೇಕು ಎಜೆ. ನಾಳೆ ಸೋರಿದ್ರೆ?"

ಅವರು ವಾದ ಮಾಡಲಿಲ್ಲ. ಅಡುಗೆಮನೆಗೆ ಹೋಗಿ, ಒಲೆಯಿಂದ ಆಗತಾನೇ ತಂದ ರೊಟ್ಟಿ ಮುರಿದು, ಬೆಣ್ಣೆ, ಜರ್ದಾಳು ಹಣ್ಣಿನ ಜಾಮು ಇಟ್ಟು ನನ್ನನ್ನು ಕರೆದರು. ಎದುರಿಗಿಟ್ಟ ರೊಟ್ಟಿ ಮುಟ್ಟದೆ ಏಳುವ ಹಾಗಿಲ್ಲ. ರೊಟ್ಟಿಗಿಂತ ದೊಡ್ಡವನಾಗಬೇಡ ಎಂದು ನಮಗೆ ಹಲ್ಲು ಹುಟ್ಟುವ ಮೊದಲೇ ಹೇಳಿಕೊಟ್ಟಿರುತ್ತಾರೆ. ನಾನು ತಿಂದೆ. ಎರಡನೇ ತುಂಡೂ ತಿಂದೆ. ಆಮೇಲೆ ಅವರು ಬಾಯಿ ಬಿಟ್ಟರು.

"ಈ ಮನೆ ಉಪ್ಪು ತಿಂದಾಯ್ತು ತಮ್ಮ. ಈಗ ನನ್ನ ಮಾತು ತೆಗೆದುಹಾಕ್ತೀಯಾ?"

"ಬೈಕೆ ಬೈತಾರೆ ಎಜೆ," ಎಂದೆ. ಅಶಿರ್ಬಾಯ್‌ರನ್ನು ನಾನು ಬೈಕೆ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದೆ.

"ಬೈಯಲ್ಲ. ಪೈಪು ಒಂದೇ ಉದ್ದ, ಜೋಡಣೆನೇ ಇಲ್ಲ, ಬಾಗಿಲು ಬೇಡ ಅಂತ ಉಸ್ತಾನೇ ಹೇಳ್ದ ಅಂತೀನಿ. ನೀನೂ ಹಾಗೇ ಅನ್ನು. ಈ ಮಾತು ಈ ಅಡುಗೆಮನೆ ದಾಟಬಾರದು."

ದಾಟಲಿಲ್ಲ. ಟೈಲು ಕೂರಿಸಿ ಮುಚ್ಚಿಬಿಟ್ಟೆ. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ: ಕೆಲಸ ಮುಗಿಯುವ ತನಕ ಯಾರ ಮನೆಯಲ್ಲೂ ರೊಟ್ಟಿ ಮುರಿಯುವುದಿಲ್ಲ. ಆದರೆ ಕೆಟ್ಟ ಮೇಲೆ ಬಂದ ಬುದ್ಧಿ ಅದು. ಅದೇ ಚಳಿಗಾಲ ಪಕ್ಕದ ಮನೆಯ ಮುಚ್ಚಿದ ಗೋಡೆಯಲ್ಲಿ ಪೈಪು ಒಡೆದದ್ದೇ, ಅಶಿರ್ಬಾಯ್‌ಗೆ ದಿಗಿಲು ಹತ್ತಿತು. ಅಂಗಳದ ಬೆಂಚಿನ ಮೇಲೆ ಡಾಮಿನೋ ಆಡುವವರ ಮುಂದೆಲ್ಲ ಹೇಳತೊಡಗಿದರು: "ತೆಮಿರ್ಕುಲ್ ಸೋಮಾರಿ. ಬಾಗಿಲು ಕೊಯ್ಯೋಕೆ ಬೇಜಾರಾಗಿ ನಮ್ಮನೇಲಿ ಬೇಡ ಅಂದ್ಬಿಟ್ಟ." ಬೆಂಚಿನ ಮಾತು ಬಾಗಿಲು ಬಾಗಿಲಿಗೆ ಹೋಯಿತು. ಆ ಕಟ್ಟಡ ನನ್ನನ್ನು ಕರೆಯುವುದು ಬಿಟ್ಟಿತು.

ಎರಡು ವರ್ಷದ ಹಿಂದೆ ಜುಮಗುಲ್ ಎಜೆ ತೀರಿಕೊಂಡಾಗ, ನಾನು ಅಂಗಳದ ಮೂಲೆಯವರೆಗೂ ಹೋಗಿದ್ದೆ. ಸಾವಿನ ಮನೆಯವರು ಅಂಗಳದಲ್ಲಿ ಯುರ್ತ್ ಗುಡಾರ ಎಬ್ಬಿಸಿದ್ದರು. ಅದರ ಬಾಗಿಲಲ್ಲಿ ಅಶಿರ್ಬಾಯ್ ಕೋಲೂರಿಕೊಂಡು ನಿಂತಿದ್ದರು. ಅವರೆದುರು ಹೋಗಲು ನನಗೆ ಮುಖವಿರಲಿಲ್ಲ. ಮೂಲೆಯಿಂದಲೇ ತಿರುಗಿ ಬಂದೆ. ಆ ನಾಚಿಕೆ ಇವತ್ತಿಗೂ ಇಳಿದಿಲ್ಲ.

ಈಗ ಅದೇ ಬಾಗಿಲು ಬಡಿದೆ.

"ಯಾರು?"

"ನಾನು ಬೈಕೆ, ತೆಮಿರ್ಕುಲ್."

"ನಮ್ಮನೇಲಿ ಏನೂ ಸೋರ್ತಿಲ್ಲ."

"ನಿಮ್ಮನೇಲಿ ಸೋರಲ್ಲ ಬೈಕೆ. ನಿಮ್ಮನೇದು ಕೆಳಗಿನ ಮನೇಲಿ ಸೋರತ್ತೆ. ನೀರು ಮೇಲಕ್ಕೆ ಹತ್ತೋದನ್ನ ನಾನಿನ್ನೂ ನೋಡಿಲ್ಲ."

ಬಾಗಿಲು ತೆರೆಯಿತು. ಅಶಿರ್ಬಾಯ್ ಬಹಳ ಸೊರಗಿದ್ದರು. ಸ್ವೆಟರಿನ ತೋಳು ಕೈಗಿಂತ ಉದ್ದವಾಗಿತ್ತು. ನನ್ನ ಹಿಂದಿನಿಂದ ಸಾಯ್ರಾ ಎಜೆ ನುಗ್ಗಿ ಒಳಗೆ ಹೋದರು. ನಾನು ಬೂಟು ಬಿಚ್ಚಿ ಬಚ್ಚಲಿನ ಬಾಗಿಲಲ್ಲಿ ನಿಂತೆ.

ಗೋಡೆ ಹಾಗೇ ಇತ್ತು. ಮನೆಯೆಲ್ಲ ಧೂಳು ಹಿಡಿದಿದ್ದರೂ ಆ ಹನ್ನೆರಡು ಟೈಲು ಮಾತ್ರ ಲಕಲಕ ಎನ್ನುತ್ತಿದ್ದವು. ಕೆಳಗೊಂದು ಬಟ್ಟೆ ಮಡಿಸಿಟ್ಟಿತ್ತು. ದಿನಾ ಒರೆಸುತ್ತಾರೆ ಎಂದು ಗೊತ್ತಾಯಿತು.

"ನೋಡ್ದೆ ಅಲ್ವಾ? ಎಲ್ಲಾ ಒಣಗಿದೆ. ಇನ್ನು ಹೊರಡು," ಎಂದರು ಅಶಿರ್ಬಾಯ್.

"ನೀರು ಗೋಡೆ ಹಿಂದೆ ಇಳೀತಿದೆ ಬೈಕೆ. ತೆಗೀಬೇಕು."

"ಏನನ್ನ?"

"ಗೋಡೆನ."

"ಮೊದಲು ನನ್ನ ತಲೆ ಒಡಿ. ಆಮೇಲೆ ಗೋಡೆ."

"ಅಯ್ಯೋ, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ!" ಎಂದು ಸಾಯ್ರಾ ಎಜೆ ಕೈ ಬೀಸಿದರು. "ಒಬ್ನೇ ಕೂತು ಬೆಳಗಾದ್ರೆ ಬರೀ ಚಹಾ ಕುಡೀತೀಯ, ನಿನಗೆ ಹೂವಿನ ಗೋಡೆ! ನನ್ನ ಮಗಳ ಸಂಬಂಧ ಮುರಿದ್ರೆ ನೀನು ಕಟ್ಕೊಡ್ತೀಯಾ? ಜುಮಗುಲ್ ಇದ್ದಿದ್ರೆ ಅವಳೇ ಸುತ್ತಿಗೆ ಎತ್ಕೊಂಡು ಒಡೀತಿದ್ಲು."

"ಅವಳ ಹೆಸರು ಎತ್ತಬೇಡ!" ಅಶಿರ್ಬಾಯ್ ದನಿ ಒಡೆಯಿತು. "ಇದೊಂದು ಬಿಟ್ರೆ ಅವಳು ಇಷ್ಟಪಟ್ಟು ಮಾಡಿಸ್ಕೊಂಡಿದ್ದು ಈ ಮನೇಲಿ ಇನ್ನೇನೂ ಇಲ್ಲ. ನಾನು ಅವತ್ತೇ ಬಾಗಿಲು ಬಿಡು ಅಂದೆ. ಈ ಸೋಮಾರಿ ಬಿಡಲಿಲ್ಲ. ಈಗ ಇವನೇ ಬಂದು ಒಡೀತಾನಂತೆ."

ಸಾಯ್ರಾ ಎಜೆ ಕೆಳಗೆ ಬಕೆಟ್ಟು ನೋಡಿಬರುತ್ತೇನೆ ಎಂದು ಇಳಿದು ಹೋದರು.

ನಾನು ಸ್ನಾನದ ತೊಟ್ಟಿಯ ಅಂಚಿನ ಮೇಲೆ ಕೂತೆ. ಅತ್ತ ದರಿ, ಇತ್ತ ಪುಲಿ. ಜೋಡಣೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು: ಚಿತ್ರದ ಕೆಳಗಿನಿಂದ ಮೂರನೇ ಸಾಲು, ಎಡದಿಂದ ಎರಡನೇ ಟೈಲು. ನೆಟ್ಟಗೆ ಅದೊಂದನ್ನು ಬಿಡಿಸಿದರೆ ಉಳಿದ ಹನ್ನೊಂದು ಉಳಿಯುತ್ತವೆ. ಆದರೆ ಹಾಗೆ ನೆಟ್ಟಗೆ ಕೈಯಿಟ್ಟರೆ, ಜೋಡಣೆ ಇದ್ದದ್ದು ನನಗೆ ಮೊದಲಿನಿಂದ ಗೊತ್ತಿತ್ತು ಎಂದಾಗುತ್ತದೆ. ಗೊತ್ತಿದ್ದೂ ಯಾಕೆ ಮುಚ್ಚಿದೆ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಯ ತುದಿಯಲ್ಲಿ ಜುಮಗುಲ್ ಎಜೆ, ಅವರ ರೊಟ್ಟಿ, ಗಂಡನಿಗೆ ಹೇಳಿದ ಸುಳ್ಳು ಇದ್ದವು. ಗೊತ್ತಿಲ್ಲದವನಂತೆ ಹುಡುಕುತ್ತ ಹೋದರೆ ಅವರ ಮಾತು ಉಳಿಯುತ್ತದೆ; ಆದರೆ ನಾಲ್ಕಾರು ಹೂವಾದರೂ ಪುಡಿಯಾಗದೆ ಆ ನಾಟಕ ನಡೆಯುವುದಿಲ್ಲ. ಸತ್ತವಳ ಗುಟ್ಟು ಉಳಿಸಲೋ, ಅವಳ ಗೋಡೆ ಉಳಿಸಲೋ? ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಾರೆ. ನಾನು ಆರು ವರ್ಷದಿಂದ ಕುಡಿಯುತ್ತಲೇ ಇದ್ದೆ, ಮುಗಿಯುವ ಹಾಗೆ ಕಾಣಲಿಲ್ಲ. ಮನೆಗೆ ಹೋಗಿ ಮಲಗಿಬಿಡೋಣ ಅನ್ನಿಸಿತು.

ಕಣ್ಣು ಮತ್ತೆ ಆ ಮಡಿಸಿದ ಬಟ್ಟೆಯ ಮೇಲೆ ಹೋಯಿತು.

"ಬೈಕೆ, ಒಂದೇ ಟೈಲು ಬಿಡಿಸ್ತೀನಿ. ಒಡೆಯಲ್ಲ. ಸುತ್ತಿಗೆ ಚೀಲದಿಂದ ಹೊರಗೆ ತೆಗಿಯೋದೇ ಇಲ್ಲ."

"ಯಾವ್ದು ಅಂತ ಹೇಗೆ ಗೊತ್ತು ನಿನಗೆ?"

"ಗೊತ್ತು," ಎಂದು ಎರಡನೇ ಟೈಲಿನ ಮೇಲೆ ಅಂಗೈಯಿಟ್ಟೆ.

ಒಂದು ಗಂಟೆಯ ಮೇಲಾಯಿತು. ತೆಳ್ಳನೆಯ ಬ್ಲೇಡಿನಿಂದ ಸುತ್ತಲಿನ ಸಂದಿಯ ಬಿಳಿ ಸಿಮೆಂಟನ್ನು ಕೂದಲೆಳೆಯಷ್ಟೇ ಕೆರೆಯುತ್ತ ಹೋದೆ. ಮಂಡಿ ನೆಲಕ್ಕೆ, ಮೂಗು ಗಸಗಸೆ ಹೂವಿಗೆ. ಅಶಿರ್ಬಾಯ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತವರು ಕದಲಲಿಲ್ಲ. ಕೊನೆಗೆ ಟೈಲು ಕೈಗೆ ಬಂತು. ಒಂದು ಮೂಲೆ ಉಗುರಿನಷ್ಟು ಹಾರಿತ್ತು, ಅಷ್ಟೇ. ಹಿಂದೆ ಜೋಡಣೆ ಇತ್ತು. ನಾನೇ ಸುತ್ತಿದ ಸೆಣಬಿನ ಎಳೆ ಕೊಳೆತು ಕಪ್ಪಾಗಿತ್ತು. ನೆಲಮಾಳಿಗೆಯ ಹಳೇ ಗಾಲಿ ಪೂರ್ತಿ ಬಿಗಿಯಾಗದೆ ನುಸುಳಿದ ನೀರು ಇನ್ನೂ ಹನಿಯುತ್ತಿತ್ತು.

"ಅಂದ್ರೆ ಜೋಡಣೆ ಇತ್ತು," ಎಂದರು ಅಶಿರ್ಬಾಯ್.

"ಇತ್ತು."

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ನೀನು ಅವಳಿಗೆ ಇಲ್ಲ ಅಂದಿದ್ದೆ."

ಟೈಲನ್ನು ಮೆಲ್ಲಗೆ ಟವೆಲಿನ ಮೇಲೆ ಇಟ್ಟೆ. "ಹೂಂ ಬೈಕೆ. ಜುಮಗುಲ್ ಎಜೆಗೆ ಇಲ್ಲ ಅಂತ ಹೇಳ್ದೆ. ಬಾಗಿಲು ಕೂರಿಸೋಕೆ ಅರ್ಧ ದಿನ ಹಿಡೀತಿತ್ತು. ಸೋಮಾರಿತನ. ನೀವು ಬೆಂಚಿನ ಮೇಲೆ ಹೇಳಿದ್ದೆಲ್ಲ ನಿಜ."

ಬೈಯುತ್ತಾರೆ ಎಂದು ಕಾದೆ. ಹೊಡೆದರೂ ಹೊಡೆಯಲಿ ಎಂದುಕೊಂಡೆ. ಅವರು ಬಗ್ಗಿ ಟೈಲಿನ ಹಾರಿದ ಮೂಲೆ ಸವರಿದರು.

"ಆರು ವರ್ಷ ನಾನು ಹೇಳಿದ್ದೇ ನಿಜ ಅಂತ ನಿನ್ನ ಬಾಯಲ್ಲೇ ಬಂತು," ಎಂದರು. "ಖುಷಿ ಆಗ್ಬೇಕಿತ್ತು. ಆಗ್ತಿಲ್ಲ." ಹಾಗೆಂದು ಅಡುಗೆಮನೆಗೆ ಹೋದರು.

ನಾನು ಕೆಲಸ ಮುಂದುವರಿಸಿದೆ. ಹಳೇ ಜೋಡಣೆ ಕಿತ್ತು ಹೊಸದು ಹಾಕಿದೆ, ಎಳೆ ಸುತ್ತಿದೆ, ಬಿಗಿ ಮಾಡಿದೆ. ನೆಲಮಾಳಿಗೆಗೆ ಇಳಿದು ಗಾಲಿ ತಿರುಗಿಸಿ, ನಾಲ್ಕು ಮಹಡಿ ಹತ್ತಿ ಬಂದು ಒಣ ಬೆರಳಿಂದ ಮುಟ್ಟಿ ನೋಡಿದೆ. ತೇವವಿರಲಿಲ್ಲ. ಟೈಲನ್ನು ಈ ಸಲ ಸಿಮೆಂಟಿನಿಂದ ಕೂರಿಸಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಬೊಟ್ಟು ರಬ್ಬರ್ ಅಂಟು ಹಚ್ಚಿ ಒತ್ತಿದೆ. ಇನ್ನು ಸೋರಿದರೆ ಅಡುಗೆಮನೆಯ ಚಾಕುವೂ ಸಾಕು ಬಿಡಿಸಲು. ಆರು ವರ್ಷದ ಹಿಂದೆಯೇ ಈ ಬುದ್ಧಿ ಇದ್ದಿದ್ದರೆ ಬಾಗಿಲೂ ಬೇಕಿರಲಿಲ್ಲ, ಸುಳ್ಳೂ ಬೇಕಿರಲಿಲ್ಲ. ಆಗ ಯೋಚಿಸಲಿಲ್ಲ, ಹೊಟ್ಟೆ ತುಂಬಿತ್ತು.

ಸಾಯ್ರಾ ಎಜೆ ಮೇಲೆ ಬಂದು ಇಣುಕಿ, ತೊಟ್ಟು ನಿಂತಿತು ಎಂದರು. "ಛಾವಣಿ ಮೇಲೆ ಕುದುರೆ ತಲೆಯಷ್ಟು ಕಲೆ ಉಳಿದಿದೆ. ಇರ್ಲಿ. ಮೇಜಿನ ತುಂಬ ಮಾಂಸ ಇಡ್ತೀನಿ. ತಿನ್ನೋರು ಯಾರು ಮೇಲೆ ನೋಡ್ತಾರೆ?" ಎಂದು, ಒಂದು ಕಾಗದದಲ್ಲಿ ಬೊರ್ಸೋಕ್ ಕಟ್ಟಿ ನನ್ನ ಚೀಲಕ್ಕೆ ತುರುಕಿ ಹೋದರು.

ಬೂಟು ಹಾಕಿಕೊಳ್ಳಲು ಬಗ್ಗಿದಾಗ ಅಶಿರ್ಬಾಯ್ ಕರೆದರು. "ರೊಟ್ಟಿ ಮುಟ್ಟಿ ಹೋಗು."

ಪ್ರೀತಿಯಿಂದ ಕರೆದದ್ದಲ್ಲ. ಶತ್ರುವೇ ಬಂದರೂ ರೊಟ್ಟಿ ಮುಟ್ಟಿಸದೆ ಕಳಿಸುವಂತಿಲ್ಲ, ಅದಕ್ಕೆ. ಅದೇ ಅಡುಗೆಮನೆ, ಅದೇ ಮೇಜು. ಕೂರುವ ಮೊದಲು ನಾನು ಅಂಗೈ ಬಿಡಿಸಿ ಜುಮಗುಲ್ ಎಜೆಯ ಹೆಸರಲ್ಲಿ ನನಗೆ ಬರುವಷ್ಟು ಪ್ರಾರ್ಥನೆ ಹೇಳಿದೆ. ಎರಡು ವರ್ಷ ತಡವಾಗಿತ್ತು. ಇಬ್ಬರೂ ಮುಖ ಸವರಿಕೊಂಡೆವು. ಅವರು ಬಟ್ಟಲು ತೆಗೆದುಕೊಂಡು ಚಹಾ ಸುರಿದರು. ಅಂಚಿನವರೆಗೆ. ತುಳುಕುವಷ್ಟು.

ಸರಿ, ನ್ಯಾಯವೇ ಎಂದುಕೊಂಡು ರೊಟ್ಟಿಯ ಚೂರು ಬಾಯಿಗಿಟ್ಟೆ. ಬಿಸಿ ಚಹಾ ಬೇಗ ಮುಗಿಸಲು ಊದತೊಡಗಿದೆ.

"ಆ ಚಿತ್ರದಲ್ಲಿ ಹೂವಿನ ಒಂದೊಂದು ದೇಟೂ ಒಂದು ಟೈಲಿನಿಂದ ಇನ್ನೊಂದಕ್ಕೆ ನೆಟ್ಟಗೆ ಹೋಗತ್ತೆ," ಎಂದರು ಅಶಿರ್ಬಾಯ್, ಕಿಟಕಿಯ ಹೊರಗೆ ನೋಡುತ್ತ. "ಎರಡು ವರ್ಷದಿಂದ ದಿನಾ ಒರೆಸ್ತೀನಿ. ಕೂದಲಷ್ಟೂ ಆಚೀಚೆ ಇಲ್ಲ. ಸೋಮಾರಿ ಮಾಡೋ ಕೆಲಸ ಅಲ್ಲ ಅದು."

ನಾನು ರೊಟ್ಟಿ ಜಗಿದೆ.

"ನಿನ್ನನ್ನ ನಾನು ಈ ಮೇಜಿನ ಮುಂದೆ ಕೂತೂ ಎಷ್ಟೋ ಸಲ ಬೈದಿದೀನಿ. ಬೇರೆ ಯಾರನ್ನ ಬೈದ್ರೂ ಅವಳು ಜೊತೆಗೆ ನಾಲ್ಕು ಮಾತು ಸೇರಿಸೋಳು. ನಿನ್ನ ಹೆಸರು ಬಂದ್ರೆ ಮಾತ್ರ ಎದ್ದು ಹೋಗಿ ಕೆಟಲ್ ಇಡೋಳು. ಕುಡಿದ ಬಟ್ಟಲು ಇನ್ನೂ ಬಿಸಿ ಇರೋದು, ಮತ್ತೆ ಕೆಟಲ್ ಇಡೋಳು. ಇವಳಿಗೇನು ಇಷ್ಟು ಚಹಾ ಹುಚ್ಚು ಅಂದ್ಕೊಳ್ತಿದ್ದೆ." ಅವರು ನನ್ನತ್ತ ತಿರುಗಿದರು. "ಇವತ್ತು ನೀನು ಆ ಟೈಲಿನ ಮೇಲೆ ಕೈ ಇಟ್ಯಲ್ಲ, ಆವಾಗ ನೆನಪಾಯ್ತು."

ನಾನು ತಲೆಯೆತ್ತಲಿಲ್ಲ. ಹೌದೆನ್ನಲಿಲ್ಲ, ಇಲ್ಲವೆನ್ನಲೂ ಆಗಲಿಲ್ಲ. ಬಾಯಲ್ಲಿ ಆ ಮನೆಯ ರೊಟ್ಟಿಯಿತ್ತು. ಕಣ್ಣು ಮಾತ್ರ ನನ್ನ ಮಾತು ಕೇಳಲಿಲ್ಲ, ತುಂಬಿಕೊಂಡವು.

"ಸುಳ್ಳಿ," ಎಂದರು ಅಶಿರ್ಬಾಯ್. ನಗುತ್ತಿದ್ದರು, ಉದ್ದನೆಯ ತೋಳಿನಿಂದ ಮೂಗೊರೆಸಿಕೊಳ್ಳುತ್ತಿದ್ದರು. "ಒಂದು ಬಾಗಿಲಿಗೋಸ್ಕರ ನಾಲ್ಕು ವರ್ಷ ಕೆಟಲ್ ಇಟ್ಟಳಲ್ಲ, ಸುಳ್ಳಿ."

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಇನ್ಯಾವುದೋ ಮನೆ, ಇನ್ಯಾವುದೋ ಸೋರಿಕೆ. ಮಂಡಿ ನೋಯುತ್ತಿತ್ತು, ಕೈ ಸೆಟೆದಿತ್ತು. ತೆಗೆಯಲೋ ಬೇಡವೋ ಎನ್ನುವಷ್ಟರಲ್ಲಿ ಅಶಿರ್ಬಾಯ್ ನನ್ನ ಮುಂದಿನ ತುಂಬಿದ ಬಟ್ಟಲು ಎತ್ತಿಕೊಂಡರು. ಎದ್ದು ಹೋಗಿ ಆ ಚಹಾವನ್ನು ಸಿಂಕಿಗೆ ಚೆಲ್ಲಿದರು. ಬಟ್ಟಲು ತೊಳೆದು ತಂದು, ಕೆಟಲ್ ಬಗ್ಗಿಸಿ, ಅರ್ಧಕ್ಕೆ ನಿಲ್ಲಿಸಿ ನನ್ನ ಕೈಗಿಟ್ಟರು.